ಟಿಸಿಯ ರೇಶಿಯೋ ನೋಡಲು ಯಾವುದು ವಾಸಿ? ಒಂದೇ ಟಿಸಿ, ಮೂರು ವಿಧಾನ

ಬೋಟುಗಳು ದಡದಲ್ಲಿರುವ ಜೂನ್, ಜುಲೈ ತಿಂಗಳಲ್ಲೇ ಮಲ್ಪೆ ಕಡೆಯ ಐಸ್ ಪ್ಲಾಂಟಿನವರು ಟಿಸಿಯನ್ನು, ಅಂದರೆ ಟ್ರಾನ್ಸ್‌ಫಾರ್ಮರನ್ನು, ರಿಪೇರಿಗೆ ಕಳಿಸುವುದು. ಈ ಸಲ ನಮ್ಮ ಶೆಡ್ಡಿಗೆ ಬಂದದ್ದು 100 ಕೆವಿಎ, 11 ಕೆವಿ/433 ವೋಲ್ಟಿನ ಡಿವೈಎನ್ 11 ಟಿಸಿ (ಎಚ್‌ಟಿ ಎನ್ನುವ 11 ಕೆವಿ ಕಡೆ ಡೆಲ್ಟಾ, ಎಲ್‌ಟಿ ಎನ್ನುವ 433 ವೋಲ್ಟಿನ ಕಡೆ ನ್ಯೂಟ್ರಲ್ ಇರುವ ಸ್ಟಾರ್ ಜೋಡಣೆ). ಸಿಡಿಲಿಗೆ ಡಬ್ಲ್ಯೂ ಫೇಸಿನ ಎಚ್‌ಟಿ ಕಾಯಿಲ್ ಸುಟ್ಟಿತ್ತು. ಹೊಸದಾಗಿ ಸುತ್ತಿಯಾಯಿತು, ಟ್ಯಾಂಕಿಗೆ ಇಳಿಸುವ ಮೊದಲು ರೇಶಿಯೋ, ಅಂದರೆ ಎಚ್‌ಟಿ ಸುತ್ತಿಗೂ ಎಲ್‌ಟಿ ಸುತ್ತಿಗೂ ಇರುವ ಅನುಪಾತ, ನೋಡಬೇಕು. ಎರಡು ಮಲ್ಟಿಮೀಟರ್, ಹ್ಯಾಂಡಲ್ ತಿರುಗಿಸುವ ಹಳೆಯ ಟಿಟಿಆರ್ (ರೇಶಿಯೋ ಅಳೆಯುವ ಪೆಟ್ಟಿಗೆ), ಒಂದು ದಿನಕ್ಕೆ ಬಾಡಿಗೆಗೆ ತಂದ ಡಿಜಿಟಲ್ ಟಿಟಿಆರ್, ಮೂರರಲ್ಲೂ ನೋಡಿದೆ.

ಲೆಕ್ಕ ಮೊದಲು. ಎಚ್‌ಟಿ ಡೆಲ್ಟಾ, ಹಾಗಾಗಿ ಒಂದು ಕಾಯಿಲಿಗೆ ಪೂರ್ತಿ 11,000 ವೋಲ್ಟ್. ಎಲ್‌ಟಿ ಸ್ಟಾರ್, ಅಲ್ಲಿ 433ನ್ನು 1.732ರಿಂದ ಭಾಗಿಸಿದರೆ 250. ಅಂದರೆ ನಾರ್ಮಲ್ ಟ್ಯಾಪಿನಲ್ಲಿ 11,000ವನ್ನು 250ರಿಂದ ಭಾಗಿಸಿ 44.00 ಬರಬೇಕು (ಟ್ಯಾಪ್ ಎಂದರೆ ಎಚ್‌ಟಿಯ ಸುತ್ತನ್ನು ಸ್ವಲ್ಪ ಹೆಚ್ಚು ಕಡಿಮೆ ಮಾಡಿಕೊಳ್ಳಲು ಬಿಟ್ಟ ಕವಲು). 11,000ವನ್ನು ನೇರವಾಗಿ 433ರಿಂದ ಭಾಗಿಸಿ 25.4 ಹಿಡಿದುಕೊಂಡು ಗಾಬರಿಯಾಗುವ ಹುಡುಗರನ್ನು ಈಗಲೂ ನೋಡುತ್ತೇನೆ. ಟ್ರಾನ್ಸ್‌ಫಾರ್ಮರಿನ ಭಾರತೀಯ ಮಾನದಂಡ ಐಎಸ್ 2026ರ ಪ್ರಕಾರ ನಾರ್ಮಲ್ ಟ್ಯಾಪಿನಲ್ಲಿ ಶೇ. 0.5 ಅಥವಾ ಇಂಪೀಡೆನ್ಸಿನ (ಕರೆಂಟಿಗೆ ಟಿಸಿಯ ಒಳಗಿರುವ ತಡೆ) ಹತ್ತನೇ ಒಂದು ಭಾಗ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟೇ ವ್ಯತ್ಯಾಸಕ್ಕೆ ಅವಕಾಶ. ಈ ಟಿಸಿಯ ಇಂಪೀಡೆನ್ಸ್ ಶೇ. 4.5, ಹಾಗಾಗಿ ಮಿತಿ ಶೇ. 0.45. ಓದು 43.80ರಿಂದ 44.20ರ ಒಳಗೆ ನಿಲ್ಲಬೇಕು.

ಎರಡು ಮೀಟರಿನ ವಿಧಾನಕ್ಕೆ ಖರ್ಚೇ ಇಲ್ಲ. ಎಚ್‌ಟಿಯ 1ಯು, 1ವಿ ನಡುವೆ ಸಿಂಗಲ್ ಫೇಸ್ ಸಪ್ಲೈ ಕೊಟ್ಟು, ಎಲ್‌ಟಿಯ 2ಯು ಮತ್ತು ನ್ಯೂಟ್ರಲ್ ನಡುವೆ ಅದೇ ಕ್ಷಣದಲ್ಲಿ ಅಳೆಯುವುದು. ಒಂದರಲ್ಲಿ 226, ಇನ್ನೊಂದರಲ್ಲಿ 5.13 ಬಂತು: 44.05. ನೋಡಲು ಚೆಂದ. ಆದರೆ ಎರಡು ಮೀಟರಿನ ಕೊನೆಯ ಅಂಕೆಯೂ ಒಂದೊಂದು ಆಚೀಚೆ ಕುಣಿಯುತ್ತಿತ್ತು. 227ಕ್ಕೆ 5.12 ಹಿಡಿದರೆ 44.34, 225ಕ್ಕೆ 5.14 ಹಿಡಿದರೆ 43.77. ಮಿತಿಯ ಎರಡೂ ಬದಿ ದಾಟಿತು! ಹೊಸ ಕಾಯಿಲಿನ ಡಬ್ಲ್ಯೂ ಫೇಸಿನಲ್ಲಿ 44.31 ಬಂದಾಗ ಅದು ಸುತ್ತಿನ ತಪ್ಪೋ, ಮೀಟರಿನ ಕುಣಿತವೋ ಹೇಳಲು ನನ್ನಿಂದ ಆಗಲಿಲ್ಲ. ಟ್ಯಾಪ್ ಲೀಡ್ ಅದಲುಬದಲಾಗಿದ್ದರೆ ಶೇ. 2.5ರ ಜಿಗಿತ ಇದರಲ್ಲೇ ಸಿಗುತ್ತದೆ. ಸೈಟಿನಲ್ಲಿ ಅಷ್ಟಕ್ಕೆ ಸಾಕು. ಒಂದು ಮಾತ್ರ ಎಚ್ಚರ: ಸಪ್ಲೈಯನ್ನು ಅಪ್ಪಿತಪ್ಪಿಯೂ ಎಲ್‌ಟಿಗೆ ಕೊಡಬೇಡಿ. 230 ವೋಲ್ಟ್ ಅಲ್ಲಿಗೆ ಹೋದರೆ ಎಚ್‌ಟಿ ಬುಶಿಂಗಿನಲ್ಲಿ 10,000 ವೋಲ್ಟ್ ದಾಟುತ್ತದೆ.

ಹ್ಯಾಂಡಲ್ ಟಿಟಿಆರ್ ಹಾಗಲ್ಲ. ಎಲ್‌ಟಿಗೆ ಬರೀ 8 ವೋಲ್ಟ್ ಕೊಟ್ಟು, ಒಳಗಿನ ತನ್ನದೇ ಟ್ರಾನ್ಸ್‌ಫಾರ್ಮರಿನ ಜೊತೆ ನಮ್ಮದನ್ನು ತೂಗಿ ನೋಡುತ್ತದೆ. ಕೊಡುವ ವೋಲ್ಟೇಜ್ ಸ್ವಲ್ಪ ಏರಿಳಿದರೂ ಎರಡೂ ಕಡೆ ಸಮನಾಗಿ ಏರಿಳಿಯುವುದರಿಂದ ಓದು ಕೆಡುವುದಿಲ್ಲ. ಒಬ್ಬರು ತಿರುಗಿಸಬೇಕು, ಇನ್ನೊಬ್ಬರು ನಾಲ್ಕು ಡಯಲನ್ನು ಎಡದಿಂದ ಒಂದೊಂದಾಗಿ ಹೊಂದಿಸುತ್ತಾ ಮುಳ್ಳನ್ನು ನಡುವಿಗೆ ತಂದು ನಿಲ್ಲಿಸಬೇಕು. ಯು ಫೇಸಿನಲ್ಲಿ 44.01, ವಿ ಫೇಸಿನಲ್ಲಿ 44.02. ಡಬ್ಲ್ಯೂನಲ್ಲಿ 44.29! ಮೂರು ಸಲ ನೋಡಿದೆ, ಅದೇ. ಟ್ಯಾಪ್ 1ರಲ್ಲಿ 46.20 ಇರಬೇಕಾದಲ್ಲಿ 46.49, ಟ್ಯಾಪ್ 5ರಲ್ಲಿ 41.80 ಇರಬೇಕಾದಲ್ಲಿ 42.09. ಎಲ್ಲ ಟ್ಯಾಪಿನಲ್ಲೂ ಅಷ್ಟೇ 0.29 ಹೆಚ್ಚು ಎಂದ ಮೇಲೆ ತಪ್ಪು ಟ್ಯಾಪಿನ ಭಾಗದಲ್ಲಿಲ್ಲ, ಮೇನ್ ವೈಂಡಿಂಗಿನಲ್ಲಿದೆ. ಎಲ್‌ಟಿ 55 ಸುತ್ತು, ಎಚ್‌ಟಿ 2,420. ಲೆಕ್ಕ ಹಾಕಿದರೆ 16 ಸುತ್ತು ಜಾಸ್ತಿ.

ಈ ಪೆಟ್ಟಿಗೆಯನ್ನು ನಾನು ಬಿಡದಿರಲು ಇನ್ನೊಂದು ಕಾರಣ ಉಂಟು. ಎಚ್‌ಟಿಯ 2,420ರಲ್ಲಿ ಒಂದೇ ಸುತ್ತು ಶಾರ್ಟ್ ಆದರೆ, ರೇಶಿಯೋದ ಅಂಕೆಯಲ್ಲಿ ಅದು ಕಾಣುವುದು ಕಷ್ಟ. ಎಕ್ಸೈಟೇಶನ್ ಕರೆಂಟಿನಲ್ಲಿ, ಅಂದರೆ ಕಬ್ಬಿಣದ ಕೋರಿಗೆ ಕಾಂತತ್ವ ಕೊಡಲು ಟಿಸಿ ಎಳೆಯುವ ಕರೆಂಟಿನಲ್ಲಿ, ಕಾಣುತ್ತದೆ. ಹಿಂದೊಮ್ಮೆ ಬೇರೊಂದು ಟಿಸಿ ನೋಡುವಾಗ, ತಿರುಗಿಸುತ್ತಿದ್ದ ಹುಡುಗ ಥಟ್ಟನೆ ನಿಲ್ಲಿಸಿ, “ಅಣ್ಣಾ, ಹ್ಯಾಂಡಲ್ ಭಾರ ಆಗ್ತಾ ಉಂಟು, ಎಂಟಕ್ಕೆ ಹೋಗುವುದೇ ಇಲ್ಲ” ಅಂದ. ಆಮೀಟರಿನ ಮುಳ್ಳು ಕೊನೆಗೆ ಹೋಗಿ ಕೂತಿತ್ತು. ಬಿಚ್ಚಿದಾಗ ಎರಡು ಪದರದ ನಡುವೆ ಕಾಗದ ಕರಿಕಲಾಗಿತ್ತು. ದೋಷವನ್ನು ಮೊದಲು ಹಿಡಿದದ್ದು ಆ ಹುಡುಗನ ತೋಳು.

ಡಿಜಿಟಲ್ ವೇಗಕ್ಕೆ ಸಾಟಿಯಿಲ್ಲ. ಲೀಡ್ ಒಮ್ಮೆ ಕಟ್ಟಿದರೆ ಮೂರು ಫೇಸನ್ನೂ ತಾನೇ ಮುಗಿಸುತ್ತದೆ, ನಾವು ಟ್ಯಾಪ್ ಬದಲಿಸಿಕೊಟ್ಟರಾಯಿತು. ವೆಕ್ಟರ್ ಗ್ರೂಪ್ (ಡಿವೈಎನ್ 11ರಂಥ ಜೋಡಣೆಯ ಗುರುತು), ಫೇಸ್ ಕೋನ, ಶೇಕಡಾ ವ್ಯತ್ಯಾಸ ಎಲ್ಲ ಪರದೆಯಲ್ಲೇ. ಡಬ್ಲ್ಯೂಗೆ ಇದೂ 44.29 ಅಂದಿತು. ಆದರೆ ಆ ದಿನ ಬೆಳಗ್ಗೆ ಡಿಸಿಯಲ್ಲಿ ರೆಸಿಸ್ಟೆನ್ಸ್ ಟೆಸ್ಟ್ ಮಾಡಿದ್ದರಿಂದ ಕೋರಿನಲ್ಲಿ ಕಾಂತತ್ವ ಉಳಿದು, ಎಕ್ಸೈಟೇಶನ್ ಕರೆಂಟ್ ಸುಮ್ಮನೆ ಹೆಚ್ಚು ತೋರಿಸಿತು. ಡಿಮ್ಯಾಗ್ನಟೈಸ್ ಮಾಡಿದ ಮೇಲೆಯೇ ಅದು ಸರಿಹೋಯಿತು. ಅಂದಿನಿಂದ ನಾನು ರೇಶಿಯೋ ಮೊದಲು, ರೆಸಿಸ್ಟೆನ್ಸ್ ಆಮೇಲೆ.

ದಿನಾ ಟೆಸ್ಟ್ ಇದ್ದರೆ, ಸರ್ಟಿಫಿಕೇಟ್ ಕೊಡಬೇಕಿದ್ದರೆ ಡಿಜಿಟಲ್ ಕೊಳ್ಳಿ. ನಮ್ಮಂತೆ ತಿಂಗಳಿಗೆ ನಾಲ್ಕೈದು ಟಿಸಿ ಸುತ್ತುವವರಿಗೆ ಒಳ್ಳೆಯ ಹಳೆಯ ಹ್ಯಾಂಡಲ್ ಟಿಟಿಆರ್ ಸಿಕ್ಕರೆ ನನ್ನ ಮತ ಅದಕ್ಕೇ. ಮಲ್ಟಿಮೀಟರನ್ನು ಮಾತ್ರ ನಂಬಿ ಸುತ್ತಿದ ಕಾಯಿಲನ್ನು ಪಾಸು ಮಾಡುವುದನ್ನು ನಾನು ಒಪ್ಪುವುದಿಲ್ಲ.

16 ಸುತ್ತಿಗೆ ಇಷ್ಟು ಪಾಡೇಕೆ ಎಂದು ಪ್ಲಾಂಟಿನವರು ಕೇಳಿದರು. ಅವರಲ್ಲಿ ಅದೇ ಅಳತೆಯ ಎರಡು ಟಿಸಿ ಪ್ಯಾರಲಲ್, ಅಂದರೆ ಒಂದಕ್ಕೊಂದು ಜೋಡಿಸಿ ಒಟ್ಟಿಗೆ, ಓಡುತ್ತವೆ. ರೇಶಿಯೋದಲ್ಲಿ ಶೇ. 0.66 ವ್ಯತ್ಯಾಸ ಇದ್ದರೆ, ಎರಡೂ ಇಂಪೀಡೆನ್ಸ್ ಸೇರಿ ಶೇ. 9 ಆಗುವಲ್ಲಿ, ಆ ಫೇಸಿನಲ್ಲಿ ಫುಲ್ ಲೋಡ್ ಕರೆಂಟಿನ ಸುಮಾರು ಶೇ. 7ರಷ್ಟು ಲೋಡ್ ಇಲ್ಲದೆಯೂ ಎರಡರ ನಡುವೆ ಸುತ್ತುತ್ತಲೇ ಇರುತ್ತದೆ. ಕಾಯಿಲ್ ಬಿಚ್ಚಿ ಮತ್ತೆ ಸುತ್ತಿದೆವು. ಮುಳ್ಳು 44.02ರಲ್ಲಿ ನಿಂತಿತು. ಆಗಸ್ಟ್ 1ಕ್ಕೆ ಬೋಟುಗಳು ಕಡಲಿಗೆ ಇಳಿಯುವ ನಾಲ್ಕು ದಿನ ಮೊದಲು ಟಿಸಿ ಪ್ಲಿಂತ್ ಮೇಲೆ ಕೂತಿತು.