ನಾಸ್‌ನ ‘ಇಲ್ಮ್ಯಾಟಿಕ್’: 40 ನಿಮಿಷದಲ್ಲಿ ಒಂದು ಇಡೀ ವಠಾರ

ರ‍್ಯಾಪ್ ಅಂದ್ರೆ ಕಾರು, ಚಿನ್ನದ ಸರ, ಪಾರ್ಟಿ ಅಷ್ಟೇ ಅಂದುಕೊಂಡಿರುವವರು ಬಹಳ ಜನ ಇದ್ದಾರೆ. ಅವರು ಒಂದೇ ಒಂದು ಆಲ್ಬಂ ಕೇಳಲು ಒಪ್ಪಿದರೂ ಸಾಕು, ನಾನು ಇದನ್ನೇ ಕೈಗೆ ಕೊಡುತ್ತೇನೆ. 1994ರ ಏಪ್ರಿಲ್ 19ರಂದು ಕೊಲಂಬಿಯಾ ರೆಕಾರ್ಡ್ಸ್ ಹೊರತಂದ ‘ಇಲ್ಮ್ಯಾಟಿಕ್’. ಒಟ್ಟು 10 ಟ್ರ್ಯಾಕ್. ಮೊದಲನೆಯದು ಬರೀ ಪೀಠಿಕೆ, ಹಾಗಾಗಿ ನಿಜವಾದ ಹಾಡುಗಳು ಒಂಬತ್ತೇ. ಎಲ್ಲ ಸೇರಿ ಹೆಚ್ಚುಕಡಿಮೆ 40 ನಿಮಿಷ. ಹಾಡಿದ ಹುಡುಗನಿಗೆ ಆಗ 20 ವರ್ಷ, ಇದು ಅವನ ಮೊದಲ ಆಲ್ಬಂ.

ಈ ಆಲ್ಬಂ ಅರ್ಥವಾಗಬೇಕಾದರೆ ಅವನು ಬೆಳೆದ ಜಾಗ ಗೊತ್ತಿರಬೇಕು. ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿ ಕ್ವೀನ್ಸ್‌ಬ್ರಿಡ್ಜ್ ಅಂತ ಸರ್ಕಾರಿ ಬಾಡಿಗೆ ಮನೆಗಳ ಕಾಲೊನಿ ಇದೆ. 1939ರದ್ದು. ಒಂದೇ ಥರದ ಆರಂತಸ್ತಿನ 96 ಕಟ್ಟಡಗಳು, 3 ಸಾವಿರಕ್ಕೂ ಹೆಚ್ಚು ಮನೆಗಳು. ಉತ್ತರ ಅಮೆರಿಕದಲ್ಲಿ ಇಷ್ಟು ದೊಡ್ಡ ಸರ್ಕಾರಿ ವಸತಿ ಕಾಲೊನಿ ಇನ್ನೊಂದಿಲ್ಲ. ಲೆಕ್ಕದಲ್ಲಿ ಅದು ಸಣ್ಣ ಊರೇ, ಆದರೆ ಬದುಕು ನಮ್ಮ ಹಳೇ ವಠಾರದ ಥರ. ಒಬ್ಬರ ಮನೆ ಸುದ್ದಿ ಇನ್ನೊಬ್ಬರಿಗೆ ಗೊತ್ತು, ಯಾರ ಮಗ ಎಲ್ಲಿಗೆ ಹೋದ ಅನ್ನುವುದು ಎಲ್ಲರಿಗೂ ಗೊತ್ತು. 80ರ ದಶಕದಲ್ಲಿ ಅಲ್ಲಿಗೆ ಕ್ರ್ಯಾಕ್ ಎಂಬ ಮಾದಕವಸ್ತು ನುಗ್ಗಿತು, ಅದರ ಹಿಂದೆ ಬಂದೂಕು ಬಂತು. 1990ರ ಒಂದೇ ವರ್ಷದಲ್ಲಿ ನ್ಯೂಯಾರ್ಕ್ ನಗರದಲ್ಲಿ 2 ಸಾವಿರಕ್ಕೂ ಹೆಚ್ಚು ಕೊಲೆಗಳಾದವು. ನಾಸೀರ್ ಜೋನ್ಸ್, ಅಂದರೆ ನಮ್ಮ ನಾಸ್, ಎಂಟನೇ ತರಗತಿಗೆ ಶಾಲೆ ಬಿಟ್ಟವನು. ತಾಯಿ ಅಂಚೆ ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದರು. ತಂದೆ ಓಲು ಡಾರಾ ಜಾಝ್ ವಾದಕ, ಕಾರ್ನೆಟ್ ನುಡಿಸುತ್ತಿದ್ದರು. ಮನೆಯೊಳಗೆ ಸಂಗೀತ, ಕಿಟಕಿಯ ಆಚೆ ಬೀದಿ. ಈ ಆಲ್ಬಂನಲ್ಲಿ ಇರುವುದು ಇವೆರಡೇ.

ಅವನು ಬೆಳಕಿಗೆ ಬಂದಿದ್ದು ಒಂದೇ ಪದ್ಯದಿಂದ. 1991ರಲ್ಲಿ ಮೇನ್ ಸೋರ್ಸ್ ಎಂಬ ತಂಡದ ಹಾಡೊಂದರಲ್ಲಿ ಅವನಿಗೆ ಸ್ವಲ್ಪ ಜಾಗ ಸಿಕ್ಕಿತು. ಆ ತಂಡದ ಲಾರ್ಜ್ ಪ್ರೊಫೆಸರ್ ಇವನನ್ನು ಮೊದಲು ಗುರುತಿಸಿದವನು. ರಾಕಿಮ್, ಕೂಲ್ ಜಿ ರ‍್ಯಾಪ್ ಅಂಥ ದೊಡ್ಡ ರ‍್ಯಾಪರ್‌ಗಳಿಗೆ ಅಂತ ಬುಕ್ ಮಾಡಿದ್ದ ಸ್ಟುಡಿಯೊದಲ್ಲಿ, ಅವರು ಇಲ್ಲದ ಹೊತ್ತು ನೋಡಿಕೊಂಡು ಈ ಹುಡುಗನ ಡೆಮೊ, ಅಂದರೆ ಕಂಪನಿಗಳಿಗೆ ಕೇಳಿಸುವ ಮಾದರಿ ಹಾಡುಗಳನ್ನು, ರೆಕಾರ್ಡ್ ಮಾಡಿಸುತ್ತಿದ್ದ. ಆಮೇಲೆ ಎಂಸಿ ಸರ್ಚ್ ಎಂಬ ರ‍್ಯಾಪರ್ ಇವನ ಪರವಾಗಿ ಕಂಪನಿಗಳ ಬಾಗಿಲು ತಟ್ಟಿದ. ಡೆಫ್ ಜ್ಯಾಮ್‌ನ ರಸೆಲ್ ಸಿಮನ್ಸ್ ಬೇಡ ಅಂದರು. ಇವನು ಕೂಲ್ ಜಿ ರ‍್ಯಾಪ್ ಥರ ಇದ್ದಾನೆ, ಅದು ಮಾರಾಟ ಆಗಲ್ಲ ಅನ್ನುವುದು ಅವರ ಲೆಕ್ಕ. ಕೊಲಂಬಿಯಾದಲ್ಲಿದ್ದ ಫೇತ್ ನ್ಯೂಮನ್ ಎಂಬ ಮಹಿಳೆಗೆ ಮಾತ್ರ ಇವನು ಮೊದಲೇ ಬೇಕಾಗಿತ್ತು, ಅವರು ಬಿಡಲಿಲ್ಲ. ಆ ಒಬ್ಬರು ಇಲ್ಲದಿದ್ದರೆ ಈ ಆಲ್ಬಂ ಬೇರೆ ಏನೋ ಆಗಿರುತ್ತಿತ್ತು ಅಂತ ನನಗೆ ಅನ್ನಿಸುತ್ತದೆ.

ಇದರ ನಡುವೆ, 1992ರಲ್ಲಿ, ಅವನ ಆಪ್ತ ಗೆಳೆಯ ವಿಲ್ಲಿ ಗ್ರಹಾಂ ಗುಂಡೇಟಿಗೆ ಸತ್ತ. ಮನೆಯಲ್ಲಿ ಜೊತೆಗೆ ಕೂತು ಬೀಟ್ (ರ‍್ಯಾಪ್‌ನ ಹಿಂದೆ ಬರುವ ಸಂಗೀತ) ಹಾಕುತ್ತಾ, ರ‍್ಯಾಪ್ ಕಲಿಯುತ್ತಾ ಬೆಳೆದ ಗೆಳೆಯ ಅವನು. ಅದೇ ರಾತ್ರಿ ನಾಸ್‌ನ ತಮ್ಮನಿಗೂ ಗುಂಡು ತಗುಲಿತು, ಅವನು ಬದುಕಿಕೊಂಡ. ಆಲ್ಬಂನಲ್ಲಿ ವಿಲ್‌ನ ಹೆಸರು ಮತ್ತೆ ಮತ್ತೆ ಬರುತ್ತದೆ. ಆದರೆ ಅವನ ಸಾವಿನ ಮೇಲೆ ಅಂತಲೇ ಒಂದು ದುಃಖದ ಹಾಡು ಇಲ್ಲ. ಬೇರೆ ಏನೋ ಹೇಳುತ್ತಿರುವಾಗ ಆ ಹೆಸರು ಬಾಯಿಗೆ ಬಂದುಬಿಡುತ್ತದೆ, ಸತ್ತವರ ನೆನಪು ನಿಜವಾಗಿ ಬರುವುದು ಹಾಗೇ ಅಲ್ವಾ.

ಆ ಕಾಲದಲ್ಲಿ ಒಂದು ರ‍್ಯಾಪ್ ಆಲ್ಬಂಗೆ ಸಾಮಾನ್ಯವಾಗಿ ಒಬ್ಬ ಪ್ರೊಡ್ಯೂಸರ್, ಇಲ್ಲ ಒಂದೇ ತಂಡ ಸಂಗೀತ ಮಾಡುತ್ತಿತ್ತು. ಇಲ್ಲಿ ಐದು ಜನ ಇದ್ದಾರೆ. ಡಿಜೆ ಪ್ರೀಮಿಯರ್, ಲಾರ್ಜ್ ಪ್ರೊಫೆಸರ್, ಪೀಟ್ ರಾಕ್, ಕ್ಯೂ-ಟಿಪ್, ಮತ್ತೆ ಅದೇ ಕ್ವೀನ್ಸ್‌ಬ್ರಿಡ್ಜ್‌ನ ಎಲ್.ಇ.ಎಸ್. ಮೊದಲ ನಾಲ್ವರು ಆಗಲೇ ನ್ಯೂಯಾರ್ಕಿನ ದೊಡ್ಡ ಹೆಸರುಗಳು. ಇಂಥವರನ್ನು ಒಬ್ಬ ಹೊಸ ಹುಡುಗನಿಗಾಗಿ ಒಟ್ಟಿಗೆ ತಂದಿದ್ದೇ ದೊಡ್ಡ ಸುದ್ದಿಯಾಗಿತ್ತು. ಐವರು ಐದು ದಿಕ್ಕಿಗೆ ಎಳೆದು ಹಾಳು ಮಾಡಬಹುದಿತ್ತು, ಇವತ್ತಿನ ಎಷ್ಟೋ ಆಲ್ಬಂಗಳಲ್ಲಿ ಹಾಗೆ ಆಗುತ್ತದೆ ಕೂಡ. ಇಲ್ಲಿ ಹಾಗಾಗಿಲ್ಲ, ಯಾಕೆಂದರೆ ಎಲ್ಲರೂ ಹೋಗಿ ಕೈ ಹಾಕಿದ್ದು ಒಂದೇ ಪೆಟ್ಟಿಗೆಗೆ, ಹಳೇ ಜಾಝ್ ಮತ್ತು ಸೋಲ್ ರೆಕಾರ್ಡುಗಳಿಗೆ. ಪೀಟ್ ರಾಕ್ ಅಹ್ಮದ್ ಜಮಾಲ್‌ನ ಪಿಯಾನೊದಿಂದ ಒಂದು ಚೂರು ತೆಗೆದು ‘ದ ವರ್ಲ್ಡ್ ಈಸ್ ಯುವರ್ಸ್’ ಕಟ್ಟಿದ್ದಾನೆ, ಪಲ್ಲವಿಯನ್ನೂ ಅವನೇ ಹಾಡಿದ್ದಾನೆ. ಆ ಪಿಯಾನೊ ಕೇಳಿದರೆ ಬೆಳಗಿನ ಹೊತ್ತು ಖಾಲಿ ರಸ್ತೆಯಲ್ಲಿ ನಡೆದ ಹಾಗಿರುತ್ತದೆ. ಕೊನೆಯ ಹಾಡಿಗೆ ಲಾರ್ಜ್ ಪ್ರೊಫೆಸರ್ ತೆಗೆದುಕೊಂಡಿರುವುದು ಮೈಕಲ್ ಜಾಕ್ಸನ್‌ನ ‘ಹ್ಯೂಮನ್ ನೇಚರ್’. ಎಲ್ಲರಿಗೂ ಗೊತ್ತಿರುವ ಮೆದುವಾದ ಹಾಡು, ಅದರ ಕೆಳಗೆ ಗಟ್ಟಿ ಡ್ರಮ್ ಇಟ್ಟು ಪೂರ್ತಿ ಬೇರೆಯದೇ ಮಾಡಿಬಿಟ್ಟಿದ್ದಾನೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ ಎರಡನೇ ಟ್ರ್ಯಾಕ್, ‘ಎನ್.ವೈ. ಸ್ಟೇಟ್ ಆಫ್ ಮೈಂಡ್’. ಪ್ರೀಮಿಯರ್‌ನ ಬೀಟ್. ತಗ್ಗಿನಲ್ಲಿ ಒಂದು ಪಿಯಾನೊ ಸುತ್ತಿ ಸುತ್ತಿ ಬರುತ್ತದೆ, ಯಾರೋ ಹಿಂದೆ ಬರುತ್ತಿದ್ದಾರೆ ಅನ್ನುವ ಭಯ ಅದರಲ್ಲಿದೆ. ಹೇಗೆ ಶುರು ಮಾಡಬೇಕೋ ಗೊತ್ತಿಲ್ಲ ಅಂತ ನಾಸ್ ಗೊಣಗಿಕೊಳ್ಳುವುದು ರೆಕಾರ್ಡಿನಲ್ಲೇ ಉಳಿದಿದೆ. ಆಮೇಲೆ ಶುರು ಮಾಡಿದವನು ಮೊದಲ ಪದ್ಯವನ್ನು ಒಂದೇ ಟೇಕ್‌ನಲ್ಲಿ ಮುಗಿಸಿದ ಅಂತ ಪ್ರೀಮಿಯರ್ ಎಷ್ಟೋ ಸಲ ಹೇಳಿದ್ದಾನೆ. ಆ ಪದ್ಯದಲ್ಲಿ ಗುಂಡಿನ ಚಕಮಕಿ ನಡೆಯುತ್ತದೆ, ಬಂದೂಕು ಕೈ ಕೊಡುತ್ತದೆ, ಇವನು ಓಡಿ ಕಟ್ಟಡದೊಳಗೆ ನುಗ್ಗುತ್ತಾನೆ. ಅಲ್ಲಿ ನೋಡಿದರೆ ಬಾಗಿಲ ಬಳಿ ಪುಟ್ಟ ಮಕ್ಕಳು ತುಂಬಿಕೊಂಡಿದ್ದಾರೆ. ಇವನ ಎತ್ತರಕ್ಕೆ ಕಣ್ಣು ಎಟುಕದಷ್ಟು ಚಿಕ್ಕವರು. ಇಷ್ಟನ್ನು ಹೇಳಿ ಮುಂದೆ ಹೋಗಿಬಿಡುತ್ತಾನೆ. ಇದು ತಪ್ಪು ಅಂತಲೂ ಹೇಳುವುದಿಲ್ಲ, ನಾನು ಎಂಥಾ ಗಂಡು ನೋಡಿ ಅಂತಲೂ ಹೇಳುವುದಿಲ್ಲ. ಆ ಮಕ್ಕಳು ಮಾತ್ರ ಕೇಳಿದವನ ತಲೆಯಲ್ಲಿ ನಿಂತೇ ಇರುತ್ತಾರೆ.

ಇಂಗ್ಲಿಷ್ ಬೀದಿ ಮಾತು ಅರ್ಥವಾಗಲ್ಲ ಅಂತ ಬಿಟ್ಟುಬಿಡುವವರಿಗೆ ಒಂದು ಮಾತು. ಮೊದಲ ಸಲ ಅರ್ಥ ಬಿಡಿ, ಪ್ರಾಸ ಮಾತ್ರ ಹಿಡಿಯಿರಿ. ನಮಗೆ ಪ್ರಾಸ ಹೊಸದೇನೂ ಅಲ್ಲ. ಸಾಲಿನ ಎರಡನೇ ಅಕ್ಷರದಲ್ಲಿ ಪ್ರಾಸ ಇಟ್ಟು ಸಾವಿರ ವರ್ಷ ಕಾವ್ಯ ಬರೆದ ಭಾಷೆ ನಮ್ಮದು. ಷಟ್ಪದಿಯನ್ನು ಗಮಕಿಗಳ ಬಾಯಲ್ಲಿ ಕೇಳಿದವರಿಗೆ, ಸಾಲು ಮುಗಿದರೂ ಮಾತು ಮುಗಿಯದೆ ಮುಂದಿನ ಸಾಲಿಗೆ ಹರಿದುಹೋಗುವುದು ಗೊತ್ತೇ ಇದೆ. ನಾಸ್ ಮಾಡುವುದೂ ಅದನ್ನೇ. ಅವನಿಗಿಂತ ಹಿಂದಿನ ಬಹಳಷ್ಟು ರ‍್ಯಾಪರ್‌ಗಳು ಸಾಲಿನ ಕೊನೆಗೆ ಪ್ರಾಸ ಹೊಡೆದು ನಿಲ್ಲುತ್ತಿದ್ದರು. ರಾಕಿಮ್ ಅದನ್ನು ಒಡೆದು ಪ್ರಾಸವನ್ನು ಸಾಲಿನ ಒಳಗೆ ತಂದ. ನಾಸ್ ಅದೇ ದಾರಿಯಲ್ಲಿ ಇನ್ನೂ ದೂರ ಹೋದ. ನಾಲ್ಕೈದು ಅಕ್ಷರ ಉದ್ದದ ಪ್ರಾಸಗಳು, ಸಾಲಿನ ನಡುವೆ ಒಂದು, ಕೊನೆಗೆ ಒಂದು, ಮುಂದಿನ ಸಾಲಿನ ಶುರುವಿನಲ್ಲಿ ಇನ್ನೊಂದು. ಇಷ್ಟೆಲ್ಲ ಇದ್ದರೂ ದನಿ ಏರುವುದಿಲ್ಲ, ಪಕ್ಕದಲ್ಲಿ ಕೂತು ಮಾತಾಡಿದ ಹಾಗೇ ಇರುತ್ತದೆ.

ಇನ್ನೊಂದು ‘ಒನ್ ಲವ್’. ಕ್ಯೂ-ಟಿಪ್ ಮಾಡಿದ ಬೀಟ್, ಹೀತ್ ಬ್ರದರ್ಸ್ ಎಂಬ ಜಾಝ್ ತಂಡದ ರೆಕಾರ್ಡಿನಿಂದ ತೆಗೆದದ್ದು. ಆಫ್ರಿಕಾದ ಬೆರಳ ವಾದ್ಯ ಎಂಬಿರಾದ ಸದ್ದು ಹಾಡಿನುದ್ದಕ್ಕೂ ಟಿಣಿಟಿಣಿ ಅನ್ನುತ್ತಿರುತ್ತದೆ. ಹಾಡು ಅಂದರೆ ಜೈಲಿನಲ್ಲಿರುವ ಗೆಳೆಯರಿಗೆ ಬರೆದ ಪತ್ರ. ನಿನಗೆ ಮಗ ಹುಟ್ಟಿದನಂತೆ, ನಿನ್ನ ಹುಡುಗಿ ಯಾಕೆ ಪತ್ರ ಬರೆಯುತ್ತಿಲ್ಲ, ಬೀದಿಯಲ್ಲಿ ಯಾರು ಯಾರ ಜೊತೆ ಸೇರಿಕೊಂಡಿದ್ದಾರೆ, ಹೀಗೆ ಊರಿನ ಸುದ್ದಿ. ಮೂರನೇ ಪದ್ಯದಲ್ಲಿ ಬೆಂಚಿನ ಮೇಲೆ ಒಬ್ಬ ಹುಡುಗ ಸಿಗುತ್ತಾನೆ. 12 ವರ್ಷ. ಗುಂಡು ತಡೆಯುವ ಅಂಗಿ ತೊಟ್ಟು ಕ್ರ್ಯಾಕ್ ಮಾರುತ್ತಿದ್ದಾನೆ. ನಾಸ್ ಅವನಿಗೆ ಬುದ್ಧಿ ಹೇಳುತ್ತಾನೆ, ಆದರೆ ಮೇಷ್ಟ್ರ ಥರ ಅಲ್ಲ. ಆ ಹುಡುಗ ಬಿಡುವುದಿಲ್ಲ ಅಂತ ಗೊತ್ತಿದ್ದು, ಬದುಕಿ ಉಳಿಯೋಕೆ ಎಷ್ಟು ಬೇಕೋ ಅಷ್ಟು ಹೇಳಿ ಎದ್ದು ಹೋಗುತ್ತಾನೆ. ಇಪ್ಪತ್ತು ವರ್ಷದವನು ಹನ್ನೆರಡು ವರ್ಷದವನಿಗೆ ಹಿರಿಯನಾಗಬೇಕಾದ ಜಾಗ ಅದು. ಸಾವಿರ ಪುಟದ ಸರ್ಕಾರಿ ವರದಿಯಲ್ಲಿ ಕಾಣದ್ದು ಈ ಪದ್ಯದಲ್ಲಿ ಕಾಣುತ್ತದೆ.

ಆಲ್ಬಂನಲ್ಲಿ ಅತಿಥಿ ರ‍್ಯಾಪರ್ ಒಬ್ಬನೇ, ‘ಲೈಫ್ಸ್ ಅ ಬಿಚ್’ ಹಾಡಿನಲ್ಲಿ ಬರುವ ಎ-ಝೀ. ಅವನ ಪದ್ಯ ಕೆಲವು ಕಡೆ ನಾಸ್‌ನದಕ್ಕಿಂತ ಚೆನ್ನಾಗಿದೆ ಅಂತ ವಾದ ಮಾಡುವವರಿದ್ದಾರೆ, ಅವರ ಮಾತಲ್ಲಿ ನ್ಯಾಯ ಇದೆ. ಆ ಹಾಡಿನ ಕೊನೆಗೆ ನಾಸ್‌ನ ತಂದೆ ಕಾರ್ನೆಟ್ ನುಡಿಸುತ್ತಾರೆ. ಬದುಕು ಇಷ್ಟೇ, ಯಾವಾಗ ಹೋಗುತ್ತೀವೋ ಗೊತ್ತಿಲ್ಲ ಅನ್ನುವ ಪಲ್ಲವಿ ಮುಗಿದ ಮೇಲೆ ಅಪ್ಪನ ವಾದ್ಯ ಶುರುವಾಗುತ್ತದೆ. ಅದನ್ನು ಪೂರ್ತಿ ಕೇಳಿ, ಹಾಡು ಮುಗೀತು ಅಂತ ಮುಂದಕ್ಕೆ ಒತ್ತಬೇಡಿ.

ಕೊರತೆ ಇಲ್ವಾ? ಇದೆ. ‘ಒನ್ ಟೈಮ್ ಫೋರ್ ಯುವರ್ ಮೈಂಡ್’ ಉಳಿದವುಗಳ ಪಕ್ಕದಲ್ಲಿ ಸಪ್ಪೆ. ಅದಕ್ಕಿಂತ ದೊಡ್ಡ ಕೊರತೆ ಹೆಂಗಸರದ್ದು. ಇಡೀ ವಠಾರವನ್ನು ಇಷ್ಟು ಹತ್ತಿರದಿಂದ ನೋಡಿದವನಿಗೆ ಅಲ್ಲಿನ ಹೆಣ್ಣುಮಕ್ಕಳು ಕಣ್ಣಿಗೆ ಬಿದ್ದಿರುವುದು ಬಹಳ ಕಡಿಮೆ, ಬಿದ್ದಾಗಲೂ ಅವರ ಬಗ್ಗೆ ಬರುವ ಮಾತು ಒರಟು. ಆ ಕಾಲವೇ ಹಾಗಿತ್ತು ಅನ್ನುವ ಸಮಾಧಾನ ನನಗೆ ಸಾಲುವುದಿಲ್ಲ. ತಾಯಿ ದುಡಿದು ಸಾಕಿದ ಮಗ ಅವನು, ಆ ತಾಯಿಯ ಒಂದು ದಿನ ಈ ಆಲ್ಬಂನಲ್ಲಿ ಇರಬೇಕಿತ್ತು.

ಇನ್ನು ಜನ ಇದನ್ನು ಹೇಗೆ ತೆಗೆದುಕೊಂಡರು ಅನ್ನುವುದು. ಬಿಡುಗಡೆಗೆ ಮುಂಚೆಯೇ ಹಾಡುಗಳು ಹೊರಗೆ ಸೋರಿ, ಕಳ್ಳ ಪ್ರತಿಗಳು ಬೀದಿ ಬೀದಿಯಲ್ಲಿ ಮಾರಾಟವಾದವು. ಒಂದು ಗ್ಯಾರೇಜಿನಲ್ಲಿ 60 ಸಾವಿರ ಕಳ್ಳ ಪ್ರತಿ ಸಿಕ್ಕಿದವು ಅಂತ ಎಂಸಿ ಸರ್ಚ್ ಹೇಳಿದ್ದುಂಟು. ಅಧಿಕೃತವಾಗಿ ಮೊದಲ ವಾರ ಮಾರಾಟವಾಗಿದ್ದೂ ಹತ್ತಿರ ಹತ್ತಿರ ಅಷ್ಟೇ, ಸುಮಾರು 60 ಸಾವಿರ. ಬಿಲ್‌ಬೋರ್ಡ್ ಪಟ್ಟಿಯಲ್ಲಿ 12ನೇ ಸ್ಥಾನ. ಅದಕ್ಕೆ ಕೆಲವೇ ತಿಂಗಳ ಹಿಂದೆ ಪಶ್ಚಿಮ ಕರಾವಳಿಯ ಸ್ನೂಪ್ ಡಾಗ್‌ನ ಮೊದಲ ಆಲ್ಬಂ ಒಂದೇ ವಾರದಲ್ಲಿ 8 ಲಕ್ಷಕ್ಕೂ ಹೆಚ್ಚು ಮಾರಾಟವಾಗಿತ್ತು ಅನ್ನುವುದನ್ನು ಪಕ್ಕಕ್ಕಿಟ್ಟು ನೋಡಿದರೆ ಕಂಪನಿಯವರ ಮುಖ ಹೇಗಾಗಿರಬಹುದು ಊಹಿಸಿಕೊಳ್ಳಿ. ಆದರೆ ಹಿಪ್-ಹಾಪ್ ಬಲ್ಲವರು ತಕ್ಷಣ ಗುರುತಿಸಿದರು. ಆಗ ಆ ಲೋಕದಲ್ಲಿ ‘ದಿ ಸೋರ್ಸ್’ ಪತ್ರಿಕೆಯ ಮಾತೇ ಕೊನೆಯ ಮಾತು. ಅದು ನಕ್ಷತ್ರದ ಬದಲು ಮೈಕ್ ಕೊಡುತ್ತಿತ್ತು. ಮೊದಲ ಆಲ್ಬಂ ತಂದವನಿಗೆ ಐದಕ್ಕೆ ಐದು ಮೈಕ್ ಸಿಗುವುದು ಬಹಳ ಅಪರೂಪ, ಇದಕ್ಕೆ ಸಿಕ್ಕಿತು. ಆ ವಿಮರ್ಶೆ ಬರೆದವಳು ಮಿನ್ಯಾ ಓ ಎಂಬ ಯುವತಿ.

ದುಡ್ಡು ನಿಧಾನಕ್ಕೆ ಬಂತು. 5 ಲಕ್ಷ ಪ್ರತಿಗಳ ಗೋಲ್ಡ್ ಆಗಿದ್ದು 1996ರಲ್ಲಿ, 10 ಲಕ್ಷದ ಪ್ಲಾಟಿನಂ 2001ರಲ್ಲಿ. ಹೆಸರು ಅದಕ್ಕಿಂತ ಬೇಗ ಬೆಳೆಯಿತು. ಐದಾರು ಪ್ರೊಡ್ಯೂಸರ್‌ಗಳನ್ನು ಕರೆದು ಆಲ್ಬಂ ಮಾಡುವುದು ಇದಾದ ಮೇಲೆ ಮಾಮೂಲಿಯಾಯಿತು. 2013ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ನಾಸ್ ಹೆಸರಿನಲ್ಲಿ ಹಿಪ್-ಹಾಪ್ ಫೆಲೋಶಿಪ್ ಶುರು ಮಾಡಿತು. ಎಂಟನೇ ತರಗತಿ ಬಿಟ್ಟವನ ಹೆಸರಿನಲ್ಲಿ! 2021ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್, ದೇಶ ಕಾಪಾಡಿಕೊಳ್ಳಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಇದನ್ನು ಸೇರಿಸಿತು. ಇಷ್ಟು ಹೊಗಳಿಕೆಯ ಭಾರವೂ ಅವನ ಮೇಲೇ ಬಿತ್ತು. ಆಮೇಲೆ ಅವನು ಏನೇ ಮಾಡಿದರೂ ಜನ ಇದರ ಪಕ್ಕದಲ್ಲಿಟ್ಟು ಅಳೆದರು. 1996ರ ಎರಡನೇ ಆಲ್ಬಂ ನೇರವಾಗಿ ಮೊದಲ ಸ್ಥಾನಕ್ಕೆ ಹೋಗಿ ಕೂತರೂ, ಹಳೇ ನಾಸ್ ಎಲ್ಲಿ ಅಂತ ಕೇಳಿದವರೇ ಹೆಚ್ಚು. ಅದು ಅವನಿಗಾದ ಅನ್ಯಾಯ ಅಂತ ನನ್ನ ಅಭಿಪ್ರಾಯ.

ನಮ್ಮ ಕಡೆಗೂ ಇದರ ಎಳೆ ಬಂದಿದೆ. 2019ರಲ್ಲಿ ಮುಂಬೈ ರ‍್ಯಾಪರ್‌ಗಳ ಬದುಕಿನಿಂದ ಹುಟ್ಟಿದ ‘ಗಲ್ಲಿ ಬಾಯ್’ ಸಿನಿಮಾಕ್ಕೆ ನಾಸ್ ಕಾರ್ಯಕಾರಿ ನಿರ್ಮಾಪಕರಲ್ಲಿ ಒಬ್ಬನಾಗಿದ್ದ. ಅದೇ ವರ್ಷ ಅವನು ಜೊತೆಗಿರುವ ಮಾಸ್ ಅಪೀಲ್ ಸಂಸ್ಥೆಯ ಭಾರತದ ಶಾಖೆ ಶುರುವಾಗಿ, ಮುಂಬೈ ರ‍್ಯಾಪರ್ ಡಿವೈನ್ ಅದರ ಮೊದಲ ಕಲಾವಿದನಾದ. ಕನ್ನಡದಲ್ಲಿ ರ‍್ಯಾಪ್ ಬರೆಯುವ ಹುಡುಗ ಹುಡುಗಿಯರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೆ ಪ್ರೀತಿಯಿಂದ ಹೇಳುವುದು ಇಷ್ಟೇ, ಕ್ವೀನ್ಸ್‌ಬ್ರಿಡ್ಜ್ ದನಿಯನ್ನು ತಂದು ನಮ್ಮ ಬೀದಿಗೆ ಅಂಟಿಸಬೇಡಿ. ಶ್ರೀರಾಮಪುರವೋ ಹುಬ್ಬಳ್ಳಿಯೋ, ನಿಮ್ಮ ಬೀದಿಯನ್ನು ಅವನಷ್ಟು ಗಮನ ಇಟ್ಟು ನೋಡಿ.

ಕೊಳ್ಳುವವರಿಗೆ: ಸ್ಟ್ರೀಮಿಂಗ್‌ನಲ್ಲಿ ಎಲ್ಲ ಕಡೆ ಸಿಗುತ್ತದೆ, ಶಫಲ್ ಮಾತ್ರ ಆಫ್ ಮಾಡಿ ಕೇಳಿ. ಆಸೆ ಇದ್ದರೆ ಎಲ್‌ಪಿ ತೆಗೆದುಕೊಳ್ಳಿ. ಅದರ ಮುಖಪುಟದಲ್ಲಿ ಅಪ್ಪ ತೆಗೆದ ಏಳು ವರ್ಷದ ನಾಸ್‌ನ ಫೋಟೊ ಕಟ್ಟಡಗಳ ಮೇಲೆ ಹರಡಿಕೊಂಡಿರುವುದನ್ನು ಫೋನಿನ ಪುಟ್ಟ ಚೌಕದಲ್ಲಿ ಸರಿಯಾಗಿ ನೋಡಲು ಆಗುವುದೇ ಇಲ್ಲ. ತಟ್ಟೆಯ ಎರಡು ಬದಿಗೆ ಎ, ಬಿ ಅಂತ ಕರೆಯದೆ ವಠಾರದ ಉತ್ತರ, ದಕ್ಷಿಣ ಭಾಗಗಳ ಹೆಸರನ್ನೇ ಇಟ್ಟಿದ್ದಾರೆ. 2014ರಲ್ಲಿ ಬಂದ 20ನೇ ವರ್ಷದ ಆವೃತ್ತಿಯಲ್ಲಿ ಡೆಮೊ, ರೀಮಿಕ್ಸ್, 1993ರಲ್ಲಿ ರೇಡಿಯೊದಲ್ಲಿ ಮಾಡಿದ ಫ್ರೀಸ್ಟೈಲ್ (ಹಾಡಿನ ಚೌಕಟ್ಟಿಲ್ಲದ ಬಿಡಿ ರ‍್ಯಾಪ್) ಎಲ್ಲ ಸೇರಿಸಿದ ಎರಡನೇ ಡಿಸ್ಕ್ ಇದೆ. ಅದು ಈಗಾಗಲೇ ಅಭಿಮಾನಿ ಆದವರಿಗೆ. ಹೊಸಬರು ಮೂಲ ಆವೃತ್ತಿಯಿಂದಲೇ ಶುರು ಮಾಡಿ.