ಮಡಚುವ ವಾಕರ್: ನಿವೃತ್ತ ನರ್ಸ್ ಒಬ್ಬಳ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ, ವಾಕರ್ ಚೆನ್ನಾಗಿದೆ. ಐದಕ್ಕೆ ನಾಲ್ಕು ಸ್ಟಾರ್.

ನಾನು ಬಳ್ಳಾರಿಯವಳು. ಸ್ಟಾಫ್ ನರ್ಸ್ ಆಗಿದ್ದು ರಿಟೈರ್ ಆದೆ. ಜಾಸ್ತಿ ವರ್ಷ ಕಳೆದದ್ದು ಆರ್ಥೋ, ಅಂದರೆ ಮೂಳೆ ವಾರ್ಡಿನಲ್ಲೇ. ಹೋದ ವರ್ಷ ಬಾತ್‌ರೂಮಿನಲ್ಲಿ ಜಾರಿ ಬಿದ್ದು, ಸೊಂಟದ ಕೀಲಿನ ಹತ್ತಿರ ತೊಡೆಮೂಳೆ ಮುರಿಯಿತು. ಆಪರೇಷನ್ ಮಾಡಿ ಕೀಲಿನ ಗುಂಡು ಬದಲಾಯಿಸಿದರು. ವಯಸ್ಸಾದ ಹೆಂಗಸರಿಗೆ ಮೂಳೆ ಟೊಳ್ಳಾಗಿ ಹೀಗಾಗುವುದು ಹೊಸದೇನಲ್ಲ. ವಾಕರ್ ಹಿಡಿದು ನಡೆಯುವುದನ್ನು ನಾನೇ ಎಷ್ಟೋ ಜನರಿಗೆ ಕಲಿಸಿದ್ದೇನೆ. ಈ ಸಲ ಹಿಡಿಯುವವಳು ನಾನು, ಅಷ್ಟೇ.

ಮಗ ಆಸ್ಪತ್ರೆ ಎದುರಿನ ಒಂದು ಸರ್ಜಿಕಲ್ ಅಂಗಡಿಯಿಂದ ತಂದ. ಅಲ್ಯೂಮಿನಿಯಂದು, ನಾಲ್ಕು ಕಾಲು, ಚಕ್ರ ಇಲ್ಲ. 1,500 ರೂಪಾಯಿಯ ಆಸುಪಾಸು. ಎರಡೂವರೆ ಕೆಜಿ ತೂಗಬಹುದು. "ಎಲ್ರಿಗೂ ಇದೇ ಸೈಜ್ ಸಾರ್" ಅಂತ ಹೇಳಿ ಕೊಟ್ಟರಂತೆ. ಹಾಗೇನಿಲ್ಲ. ನೆಟ್ಟಗೆ ನಿಂತು ಕೈ ಇಳಿಬಿಟ್ಟರೆ ಹಿಡಿಕೆ ಮಣಿಕಟ್ಟಿನ ಗೆರೆಗೆ ಸರಿಯಾಗಿ ಬರಬೇಕು. ಹಿಡಿದಾಗ ಮೊಣಕೈ ಸ್ವಲ್ಪ ಬಾಗಿರಬೇಕು, 15ರಿಂದ 20 ಡಿಗ್ರಿ. ತೀರಾ ಕೆಳಗಿದ್ದರೆ ಬೆನ್ನು ಗೂನಾಗುತ್ತದೆ, ಮೇಲಿದ್ದರೆ ಭುಜ ನೋಯುತ್ತದೆ. ಕಾಲುಗಳಲ್ಲಿ ಸಾಲಾಗಿ ತೂತುಗಳಿವೆ, ಗುಂಡಿ ಒತ್ತಿ ಎಳೆದರೆ ಎತ್ತರ ಬದಲಾಗುತ್ತದೆ. ನಾಲ್ಕೂ ಕಡೆ ಟಕ್ ಅಂತ ಸದ್ದು ಬಂದ ಮೇಲೇ ಮೈಭಾರ ಬಿಡಿ. ನಡೆಯುವಾಗ ಮೊದಲು ವಾಕರ್, ಆಮೇಲೆ ನೋವಿನ ಕಾಲು, ಆಮೇಲೆ ಒಳ್ಳೆಯ ಕಾಲು. ಕೂರುವಾಗ ಹಿಂದಕ್ಕೆ ಸರಿದು ಕುರ್ಚಿ ಕಾಲಿಗೆ ತಗಲಬೇಕು, ಕೈ ಕುರ್ಚಿಯ ಮೇಲಿರಬೇಕು. ವಾಕರ್ ಹಿಡಿದುಕೊಂಡೇ ಕೂತರೆ ಅದು ನಿಮ್ಮನ್ನೂ ಎಳೆದುಕೊಂಡು ಬೀಳುತ್ತದೆ.

ಇನ್ನು ಕೊರತೆಗಳು. ವಾಕರ್ ಕಾಲುಗಳ ತುದಿಗೆ ಹಾಕುವ ರಬ್ಬರ್ ಬುಷ್ ಬಹಳ ಬೇಗ ಸವೆಯುತ್ತವೆ. ನಮ್ಮ ಮನೆಗೆ ಕಡಪ ಕಲ್ಲಿನ ನೆಲ, ಹೊರಗೆ ಈ ಊರಿನ ಕೆಂಪು ಧೂಳು. ಒಂದು ಬುಷ್ ತೂತಾಗಿ ಪೈಪು ಕಲ್ಲಿಗೆ ತಾಗಿ ಕರಕರ ಅನ್ನಲು ಶುರುವಾಯಿತು, ನಾಲ್ಕನ್ನೂ ಬದಲಾಯಿಸಿದೆವು. ಒಂದು ಸ್ಟಾರ್ ಹೋಗಿದ್ದು ಅದಕ್ಕೇ. ಏಪ್ರಿಲ್ ಬಿಸಿಲಿನಲ್ಲಿ ಅಂಗಳದಲ್ಲಿ ಬಿಟ್ಟರೆ ಪೈಪು ಮುಟ್ಟೋಕಾಗಲ್ಲ, ಅದು ಬಳ್ಳಾರಿ ಬಿಸಿಲಿನ ತಪ್ಪು, ಕಂಪನಿಯದಲ್ಲ.

ಆದರೆ ಯಾವ ಅಂಗಡಿಯವರೂ ಹೇಳದ ಒಂದು ವಿಷಯ ಇದೆ. ವಾಕರ್ ಹಿಡಿದರೆ ಎರಡೂ ಕೈ ಅದಕ್ಕೇ. ಒಂದು ಲೋಟ ಚಹಾ ಕೂಡ ಒಯ್ಯುವ ಹಾಗಿಲ್ಲ. ಮನೆಗೆ ಬಂದವರಿಗೆ ನೀರು ಕೊಡಬೇಕು ಅಂದರೂ ಇನ್ನೊಬ್ಬರನ್ನು ಕರೆಯಬೇಕು. ಸೊಸೆ ಕೌಲ್ ಬಜಾರಿನಿಂದ ಜೀನ್ಸ್ ತುಂಡು ತಂದು ಮುಂದೆ ನೇತುಹಾಕಲು ಒಂದು ಚೀಲ ಹೊಲಿದುಕೊಟ್ಟಳು. ಹಳೆಯ ಪ್ಯಾಂಟಿನ ಜೇಬು ಹಾಗೇ ಇದೆ, ಅದರಲ್ಲಿ ಕನ್ನಡಕ, ದೊಡ್ಡ ಭಾಗದಲ್ಲಿ ಫೋನು, ಮಾತ್ರೆ, ಚಿಕ್ಕ ಸತ್ಯವೇದ, ಅಂದರೆ ಬೈಬಲ್. ಜಾಸ್ತಿ ಭಾರ ತುಂಬಿದರೆ ವಾಕರ್ ಮುಂದಕ್ಕೆ ವಾಲುತ್ತದೆ, ಅದಕ್ಕೇ ದೊಡ್ಡ ಸತ್ಯವೇದ ಮೇಜಿನ ಮೇಲೇ ಉಳಿಯಿತು.

ಇನ್ನೊಂದು ಇದೆ, ಬರೆಯಲು ಸ್ವಲ್ಪ ಮುಜುಗರ. ಈ ಆಪರೇಷನ್ ಆದವರು ಸೊಂಟವನ್ನು 90 ಡಿಗ್ರಿಗಿಂತ ಜಾಸ್ತಿ ಬಗ್ಗಿಸಬಾರದು ಅಂತ ನಮ್ಮ ಡಾಕ್ಟರು ಹೇಳಿದ್ದರು. ಅಂದರೆ ನನ್ನ ಪಾದ ನನಗೇ ಸಿಗುವುದಿಲ್ಲ. ರಾತ್ರಿ ಸೊಸೆ ಬೋಗುಣಿಯಲ್ಲಿ ಬಿಸಿನೀರು ತಂದು ನೆಲದ ಮೇಲೆ ಕೂರುತ್ತಾಳೆ. "ಅತ್ತೆ, ಕಾಲು ಈ ಕಡೆ ಕೊಡ್ರಿ" ಅನ್ನುತ್ತಾಳೆ. "ಬ್ಯಾಡ ಬಿಡವ್ವ, ನಾಳೆ ನೋಡೋಣ" ಅನ್ನುತ್ತಿದ್ದೆ. ನಾನು ಎಷ್ಟು ಜನರ ಮೈ ಒರೆಸಿಲ್ಲ, ಎಷ್ಟು ಬೆಡ್‌ಪ್ಯಾನ್ ಎತ್ತಿಲ್ಲ! ಅದರಲ್ಲಿ ಒಂದು ದಿನವೂ ನಾಚಿಕೆ ಅನ್ನಿಸಿದ್ದಿಲ್ಲ. ನನ್ನ ಕಾಲು ಒಬ್ಬರು ಮುಟ್ಟಿದರೆ ಮಾತ್ರ ಕಣ್ಣು ಬೇರೆ ಕಡೆ ತಿರುಗುತ್ತಿತ್ತು.

ಯೋಹಾನನ ಸುವಾರ್ತೆಯ 13ನೇ ಅಧ್ಯಾಯ ನಾನು ಸಂಡೇ ಸ್ಕೂಲಿನಲ್ಲಿ ಹೇಳಿಕೊಡುತ್ತಿದ್ದ ಪಾಠ. ಯೇಸು ಸೊಂಟಕ್ಕೆ ಟವೆಲ್ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆಯುತ್ತಾನೆ, ಅವರಲ್ಲಿ ಒಬ್ಬನಾದ ಪೇತ್ರ ಬೇಡ ಅನ್ನುತ್ತಾನೆ. "ನಾನು ತೊಳೆಯದಿದ್ದರೆ ನನ್ನಲ್ಲಿ ನಿನಗೆ ಪಾಲಿಲ್ಲ" ಅನ್ನುವ ಉತ್ತರ ಬರುತ್ತದೆ. ಆ ಕಥೆಯಲ್ಲಿ ನಾನು ಯಾವಾಗಲೂ ಬೋಗುಣಿ ಹಿಡಿದವರ ಕಡೆ. ನರ್ಸ್ ಅಲ್ವಾ! ಪೇತ್ರನ ಕಡೆ ಕೂತು ಅದನ್ನು ಓದಿದ್ದು ಈಗಲೇ. ಸೇವೆ ಮಾಡುವುದರಲ್ಲಿ ಒಂದು ದೊಡ್ಡತನ ಉಳಿದುಕೊಳ್ಳುತ್ತದೆ, ಮಾಡಿಸಿಕೊಳ್ಳುವುದರಲ್ಲಿ ಅದೂ ಹೋಗುತ್ತದೆ. ಈಗ ಕಾಲು ಚಾಚುತ್ತೇನೆ. ಪೂರ್ತಿ ಖುಷಿಯಿಂದ ಅಂತ ಹೇಳಲಾರೆ.

ಚರ್ಚಿನಲ್ಲೂ ಇದೇ. ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಕರ್ತನ ಭೋಜನಕ್ಕೆ ಎಲ್ಲರೂ ಮುಂದೆ ಹೋಗಿ ರೇಲಿಂಗ್ ಹತ್ತಿರ ಮೊಣಕಾಲೂರುತ್ತಾರೆ. ನನಗೆ ಮೊಣಕಾಲೂರೋಕಾಗಲ್ಲ. ಬೆಂಚಿನ ತುದಿಯಲ್ಲಿ ಕೂತಿರುತ್ತೇನೆ. ಎಲ್ಲರದೂ ಮುಗಿದ ಮೇಲೆ ಪಾಸ್ಟರ್ ರೊಟ್ಟಿಯನ್ನೂ ಪಾತ್ರೆಯನ್ನೂ ಹಿಡಿದು ನಾನಿದ್ದಲ್ಲಿಗೆ ನಡೆದು ಬರುತ್ತಾರೆ. ಇಡೀ ಸಭೆ ಕಾಯುತ್ತದೆ. ಮೊದಲ ಸಲ ಎಲ್ಲಿಯಾದರೂ ಅಡಗಿಕೊಳ್ಳೋಣ ಅನ್ನಿಸಿತ್ತು. ತಗ್ಗುವುದು ಅಂದರೆ ಮೊಣಕಾಲೂರುವುದು ಅಂತ ಅಂದುಕೊಂಡಿದ್ದವಳಿಗೆ, ಕೂತಲ್ಲೇ ಕೈ ಚಾಚುವುದು ಅದಕ್ಕಿಂತ ಕಷ್ಟ ಅಂತ ಗೊತ್ತಾಗಿದ್ದು ಆಗ. ಆ ರೊಟ್ಟಿ ತುಂಡು ಇಷ್ಟು ವರ್ಷ ತಿಂದದ್ದೇ. ಆದರೆ ಅದು ನನ್ನ ಹತ್ತಿರಕ್ಕೆ ಬಂದದ್ದು ಅನ್ನುವುದು ಮೈಗೆ ತಿಳಿದದ್ದು ಈಗ.

ಪ್ರಾರ್ಥನೆಗೆ ಮನೆಗೆ ಬಂದ ಒಬ್ಬರು, "ಸಿಸ್ಟರ್, ವಿಶ್ವಾಸ ಇದ್ರೆ ವಾಕರ್ ಬಿಟ್ಟು ನಡೀರಿ" ಅಂದರು. ಸಿಟ್ಟು ಬಂತು. ಬಿಟ್ಟು ನಡೆದರೆ ಮತ್ತೆ ಆಪರೇಷನ್ ಟೇಬಲ್ಲೇ ಗತಿ. ಊರೂರಿಗೆ ಹೋಗಿ ಸುವಾರ್ತೆ ಸಾರಿದ ಪೌಲನು ತನ್ನ ಶರೀರದ ಶೂಲ ತೆಗೆದುಬಿಡು ಅಂತ ದೇವರನ್ನು ಮೂರು ಸಲ ಬೇಡಿಕೊಂಡ, ಅದು ಹೋಗಲಿಲ್ಲ. ಕೃಪೆ ಸಾಕು ಅನ್ನುವ ಉತ್ತರ ಬಂತು. ಪೌಲನಿಗೆ ವಿಶ್ವಾಸ ಕಮ್ಮಿಯಿತ್ತಾ? ಯಬ್ಬೋಕ್ ಹೊಳೆ ಹತ್ತಿರ ರಾತ್ರಿಯೆಲ್ಲಾ ದೇವರೊಂದಿಗೆ ಹೋರಾಡಿದ, ಇಸ್ರಾಯೇಲರ ಮೂಲಪುರುಷ ಯಾಕೋಬ ಆಶೀರ್ವಾದವನ್ನೂ ಪಡೆದ, ತೊಡೆಯ ಕೀಲು ತಪ್ಪಿ ಕುಂಟುತ್ತಲೂ ಹೋದ. ಎರಡೂ ಒಂದೇ ಬೆಳಗ್ಗೆ. ಅದೇ ಯಾಕೋಬ ಮುದುಕನಾದ ಮೇಲೆ ಕೋಲಿನ ಮೇಲೆ ಊರಿಕೊಂಡು ದೇವರನ್ನು ಆರಾಧಿಸಿದ ಅಂತ ಇಬ್ರಿಯರಿಗೆ ಬರೆದ ಪತ್ರಿಕೆಯ 11ನೇ ಅಧ್ಯಾಯದಲ್ಲಿದೆ. ವಿಶ್ವಾಸದ ವೀರರ ಪಟ್ಟಿಯಲ್ಲಿ ಕೋಲಿಗೂ ಜಾಗ ಸಿಕ್ಕಿದೆ ನೋಡಿ. ಆ ವಚನ ನನ್ನ ಜೀನ್ಸ್ ಚೀಲದಲ್ಲಿ ಗುರುತು ಹಾಕಿಕೊಂಡು ಓಡಾಡುತ್ತಿದೆ.

ಹಾಗಂತ ದೇವರು ಪಾಠ ಕಲಿಸಲು ನನ್ನ ಮೂಳೆ ಮುರಿದರು ಅಂತ ನಾನು ಹೇಳುವುದಿಲ್ಲ. ಸೋಪಿನ ನೀರಿತ್ತು, ಜಾರಿದೆ. ಬಿದ್ದಲ್ಲಿಗೆ ಅವರೂ ಬಂದರು, ಅಷ್ಟು ಹೇಳಬಲ್ಲೆ.

ನಿಧಾನ ಆಗುತ್ತದೆ ಅಂತ ಬೇಜಾರು ಮಾಡಿಕೊಳ್ಳುವವರಿಗೆ ಒಂದು ಮಾತು. ಜಾನ್ ಹ್ಯಾಂಡ್ಸ್ ಅನ್ನುವ ಮಿಷನರಿ ನಮ್ಮ ಬಳ್ಳಾರಿಗೆ ಬಂದದ್ದು 1810ರಲ್ಲಿ. ಅವರು ಕೈಹಾಕಿದ ಕನ್ನಡ ಸತ್ಯವೇದ ಪೂರ್ತಿಯಾಗಿ ಬರಲು 1831 ಆಯಿತು. ನನಗೆ ಹಾಸಿಗೆಯಿಂದ ಗೇಟಿನವರೆಗೆ ಹೋದರೆ ಸಾಕು.

ಚಕ್ರದ್ದು ತಗೊಳ್ಳೋದಾ ಅಂತ ಕೆಲವರು ಕೇಳಿದ್ದರು. ಕೈಯಲ್ಲಿ ಎತ್ತುವಷ್ಟು ಶಕ್ತಿ ಇಲ್ಲದವರಿಗೆ ಮುಂದೆ ಎರಡು ಚಕ್ರ ಇರುವುದು ಅನುಕೂಲ. ಹೊಸದಾಗಿ ಆಪರೇಷನ್ ಆದವರು ಫಿಸಿಯೋದವರನ್ನು ಕೇಳದೆ ತಗೊಳ್ಳಬೇಡಿ. ಕೊಳ್ಳುವ ಮುಂಚೆ ಬಾತ್‌ರೂಮ್ ಬಾಗಿಲಿನ ಅಗಲ ಅಳೆಯಿರಿ. ಮೆಟ್ಟಿಲಿಗಂತೂ ಇದು ಬೇಡವೇ ಬೇಡ. ನಮ್ಮ ಚರ್ಚಿಗೆ ಮೂರು ಮೆಟ್ಟಿಲು, ಯೂತ್‌ನ ಹುಡುಗರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋಗುತ್ತಾರೆ. ರ‍್ಯಾಂಪ್ ಹಾಕಿಸಿ ಅಂತ ಕಮಿಟಿಗೆ ಅರ್ಜಿ ಕೊಟ್ಟಿದ್ದೇನೆ. ಎತ್ತಿಸಿಕೊಳ್ಳುವುದು ಅಭ್ಯಾಸ ಆಗಿದೆ, ಆದರೆ ಹುಡುಗರ ಬೆನ್ನೂ ನೋಡಬೇಕಲ್ಲ. ಮಳೆಗಾಲಕ್ಕೆ ಮುಂಚೆ ಮಾಡಿಸುತ್ತೇವೆ ಅಂದಿದ್ದಾರೆ.