ಬೆಳ್ಳಿ ನ್ಯಾನೊಕಣ ತಯಾರಿಸುವ ಬ್ಯಾಕ್ಟೀರಿಯಾ ಕಿಟ್: ಸಾಮಗ್ರಿ ಉತ್ತಮ, ಕೈಪಿಡಿ ಅಪೂರ್ಣ

ಹಾಸನದ ವಿಜ್ಞಾನ ಸಾಮಗ್ರಿ ಅಂಗಡಿಯೊಂದರ ಮೂಲಕ ನಮ್ಮ ಪದವಿ ಕಾಲೇಜಿನ ಸೂಕ್ಷ್ಮಜೀವಿಶಾಸ್ತ್ರ ವಿಭಾಗಕ್ಕೆ ತರಿಸಿದ ಈ ಕಿಟ್‌ನಲ್ಲಿ ಬ್ಯಾಸಿಲಸ್ ಸಬ್ಟಿಲಿಸ್ ಬೆಳೆದ ಅಗಾರ್ ನಳಿಕೆ, ಪೋಷಕ ಮಾಧ್ಯಮದ ಪುಡಿ, ಕಂದು ಸೀಸೆಯಲ್ಲಿ ಸಿಲ್ವರ್ ನೈಟ್ರೇಟ್ ಹಾಗೂ ಒಂದು ಕೈಪಿಡಿ ಇವೆ. ಬ್ಯಾಕ್ಟೀರಿಯಾ ಶುದ್ಧವಾಗಿತ್ತು, ಮೊದಲ ಸಲವೇ ಚೆನ್ನಾಗಿ ಬೆಳೆಯಿತು.

ಬ್ಯಾಕ್ಟೀರಿಯಾವನ್ನು ಬೆಳೆಸಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೇಲಿನ ತಿಳಿಗೆ 1 ಮಿಲಿಮೋಲಾರ್ ಪ್ರಮಾಣದಲ್ಲಿ ಸಿಲ್ವರ್ ನೈಟ್ರೇಟ್ ಸೇರಿಸಿ ಕತ್ತಲಲ್ಲಿಟ್ಟರೆ, ಜೀವಕೋಶಗಳು ಹೊರಬಿಟ್ಟ ಕಿಣ್ವಗಳೂ ಇತರ ಅಣುಗಳೂ ಬೆಳ್ಳಿಯ ಅಯಾನುಗಳಿಗೆ ಎಲೆಕ್ಟ್ರಾನ್ ಕೊಟ್ಟು ಅವನ್ನು ಲೋಹದ ಅತಿ ಸಣ್ಣ ಕಣಗಳಾಗಿ, ಅಂದರೆ ನ್ಯಾನೊಕಣಗಳಾಗಿ ಮಾಡುತ್ತವೆ. ಅಲ್ಲಿನ ಪ್ರೋಟೀನ್‌ಗಳು ಕಣಗಳನ್ನು ಸುತ್ತುವರಿದು ಅವು ಗಂಟುಕಟ್ಟದಂತೆ ತಡೆಯುತ್ತವೆ. ತಿಳಿಹಳದಿ ದ್ರವ ಕಂದಾಯಿತು, ದ್ರವ ಎಷ್ಟು ಬೆಳಕು ಹೀರುತ್ತದೆಂದು ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ 420 ನ್ಯಾನೊಮೀಟರ್ ಆಸುಪಾಸಿನಲ್ಲಿ ಬೆಳ್ಳಿ ನ್ಯಾನೊಕಣಗಳನ್ನು ಸೂಚಿಸುವ ಶೃಂಗವೂ ಕಂಡಿತು. ಬೆಳ್ಳಿಯ ಗಣಿಯಿಂದ ಬೇರ್ಪಡಿಸಿದ್ದ ಸ್ಯೂಡೊಮೊನಾಸ್ ಸ್ಟುಟ್ಜೆರಿ ಎಂಬ ಬ್ಯಾಕ್ಟೀರಿಯಾ ತನ್ನ ಕೋಶದೊಳಗೆ 200 ನ್ಯಾನೊಮೀಟರ್‌ವರೆಗಿನ ಬೆಳ್ಳಿ ಹರಳುಗಳನ್ನು ಕಟ್ಟುತ್ತದೆಂದು 1999ರಲ್ಲಿ ಪ್ರಕಟವಾದ ಸಂಶೋಧನೆಯನ್ನೂ ಕೈಪಿಡಿ ಸೊಗಸಾಗಿ ವಿವರಿಸಿದೆ.

ನನ್ನ ಆಕ್ಷೇಪ ಇರುವುದು ಹೋಲಿಕೆಯ ನಳಿಕೆಗಳ ಬಗ್ಗೆ. ಕೈಪಿಡಿಯಲ್ಲಿ ಅವುಗಳ ಪ್ರಸ್ತಾಪವೇ ಇಲ್ಲ. ಬರಿಯ ಮಾಧ್ಯಮಕ್ಕೆ ಸಿಲ್ವರ್ ನೈಟ್ರೇಟ್ ಬೆರೆಸಿ ಒಂದು ನಳಿಕೆಯನ್ನು ಕಿಟಕಿಯ ಬಳಿ, ಇನ್ನೊಂದನ್ನು ಅಲ್ಯೂಮಿನಿಯಂ ಹಾಳೆ ಸುತ್ತಿ ಇಡಿಸಿದೆ. ಎರಡೂ ಕೂಡಲೇ ಬೆಳ್ಳಗೆ ಕದಡಿದವು. ಮಧ್ಯಾಹ್ನದ ಹೊತ್ತಿಗೆ ಕಿಟಕಿಯ ಬಳಿಯದು ಬೂದುಮಿಶ್ರಿತ ನೇರಳೆಯಾಗಿತ್ತು. “ಮೇಡಂ, ಇದರಲ್ಲಿ ಬ್ಯಾಕ್ಟೀರಿಯಾನೇ ಇಲ್ವಲ್ಲ, ಬಣ್ಣ ಹೇಗೆ ಬಂತು?” ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಈ ಪ್ರಶ್ನೆಯನ್ನು ಹುಟ್ಟಿಸದ ಕೈಪಿಡಿಯಿಂದ ಪ್ರಯೋಗ ಕಲಿಸಿದಂತಾಗುವುದಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಮಾಧ್ಯಮದ ಪುಡಿಯಲ್ಲಿರುವ ಅಡುಗೆ ಉಪ್ಪಿನ ಕ್ಲೋರೈಡ್ ಬೆಳ್ಳಿಯೊಡನೆ ಸೇರಿ ಸಿಲ್ವರ್ ಕ್ಲೋರೈಡ್ ಆಗಿ ತಳಕ್ಕಿಳಿಯುತ್ತದೆ, ಬೆಳಕು ಬಿದ್ದರೆ ಕಪ್ಪಿಡುತ್ತದೆ. ಆದ್ದರಿಂದ ಬಣ್ಣ ಬದಲಾದ ಮಾತ್ರಕ್ಕೆ ಅದು ಬ್ಯಾಕ್ಟೀರಿಯಾದ ಕೆಲಸವೆನ್ನಲಾಗದು. ಕಣಗಳ ಗಾತ್ರ ತಿಳಿಯಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಂಥ ಉಪಕರಣ ಬೇಕು. ಅದನ್ನಾದರೂ ಕೈಪಿಡಿ ಒಪ್ಪಿಕೊಂಡಿದೆ.

ಅಂಗಡಿಯವರ ಸೇವೆ ಮೆಚ್ಚುವಂಥದ್ದು. ದೂರು ಹೇಳಿದಾಗ ಉಪ್ಪಿಲ್ಲದ ಮಾಧ್ಯಮವನ್ನು ಹೆಚ್ಚುವರಿ ಹಣ ಕೇಳದೆ ತರಿಸಿಕೊಟ್ಟರು, ಅದರಲ್ಲಿ ಕದಡುವಿಕೆ ಬಹುಮಟ್ಟಿಗೆ ತಗ್ಗಿತು. ಕೊಳ್ಳುವವರು ಈ ಮಾಧ್ಯಮವನ್ನೇ ಕೇಳಿ ಪಡೆಯಬೇಕು, ನಲ್ಲಿ ನೀರಿನ ಬದಲು ಬಟ್ಟಿ ಇಳಿಸಿದ ನೀರನ್ನೇ ಬಳಸಬೇಕು, ಸಿಲ್ವರ್ ನೈಟ್ರೇಟ್ ತಗುಲಿದರೆ ಚರ್ಮ ಕಪ್ಪಾಗುವುದರಿಂದ ಕೈಗವಸು ಹಾಕಿಕೊಳ್ಳಬೇಕು. ಬೆಳ್ಳಿ ಸೂಕ್ಷ್ಮಜೀವಿಗಳಿಗೆ ವಿಷವಾದ್ದರಿಂದ ಉಳಿದ ದ್ರವವನ್ನು ಸಿಂಕಿಗೆ ಸುರಿಯದೆ ಬೇರೆ ಡಬ್ಬಿಯಲ್ಲಿ ಸಂಗ್ರಹಿಸಬೇಕು. ಕೈಪಿಡಿಯ ಮುಂದಿನ ಮುದ್ರಣದಲ್ಲಿ ಈ ಸೂಚನೆ ಮೊದಲ ಪುಟದಲ್ಲೇ ಬರಲಿ.